ವಂಶದಿಂದ ಬಂದದ್ದು, ವ್ರತದಿಂದ ಗಳಿಸುವುದು

‘ಇವನ ಕೋಪ ಅಜ್ಜನಿಂದ ಬಂದದ್ದು’ ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ‘ನಾವು ಹುಟ್ಟಿನಿಂದಲೇ ಜೈನರು’ ಎಂಬ ಮಾತೂ ಅಷ್ಟೇ ಸಹಜವಾಗಿ ಬರುತ್ತದೆ. ಮೊದಲನೆಯದು ದೋಷವನ್ನು ಪೂರ್ವಿಕರ ಮೇಲೆ ಹೊರಿಸುತ್ತದೆ. ಎರಡನೆಯದು ಅವರ ಪುಣ್ಯವನ್ನು ತನ್ನದೆನ್ನುತ್ತದೆ. ಗುಣವೂ ಧರ್ಮವೂ ವಂಶದಿಂದಲೇ ದೊರೆಯುತ್ತವೆ ಎಂಬ ಭಾವನೆ ಎರಡಕ್ಕೂ ಮೂಲ.

ವಂಶದಿಂದ ಬರುವುದು ಬಹಳಷ್ಟಿದೆ ಎಂಬುದು ಸತ್ಯ. ಪ್ರತಿಯೊಬ್ಬ ಮನುಷ್ಯನೂ ಸಾಮಾನ್ಯವಾಗಿ ತಂದೆಯಿಂದ 23, ತಾಯಿಯಿಂದ 23 ವರ್ಣತಂತುಗಳನ್ನು ಪಡೆಯುತ್ತಾನೆ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಜೀವವಿಕಾಸದ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮುಂದಿಟ್ಟನು. 1872ರ ಇನ್ನೊಂದು ಗ್ರಂಥದಲ್ಲಿ ಭಯ, ಕೋಪಗಳನ್ನು ಮನುಷ್ಯರೂ ಪ್ರಾಣಿಗಳೂ ತೋರ್ಪಡಿಸುವ ಬಗೆಯಲ್ಲಿರುವ ಹೋಲಿಕೆಗಳನ್ನು ವಿವರಿಸಿದನು. ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಸಂಸಾರಿ ಜೀವಿಗಳಲ್ಲಿ ಇವೆಯೆಂದು ಜೈನಾಗಮವೂ ಹೇಳುತ್ತದೆ. ಹಾಗೆಂದು ಎರಡೂ ಒಂದೇ ಎನ್ನಲಾಗದು. ವಿಜ್ಞಾನವು ದೇಹದ ವಂಶಾವಳಿಯನ್ನು ಶೋಧಿಸುತ್ತದೆ. ಆಗಮವು ಜೀವದ ಭವಾವಳಿಯನ್ನು ಹೇಳುತ್ತದೆ. ದೇಹಕ್ಕೆ ತಂದೆತಾಯಿಯರುಂಟು, ಜೀವವಾದರೋ ಅನಾದಿ, ತನ್ನ ಕರ್ಮವನ್ನು ತಾನೇ ಹೊತ್ತು ಬರುವಂಥದು.

ಇದಕ್ಕೆ ಭಗವಾನ್ ಮಹಾವೀರರ ಪೂರ್ವಭವಗಳಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದಂತೆ ಆ ಜೀವವು ಒಂದು ಭವದಲ್ಲಿ ಮರೀಚಿಯಾಗಿ ಜನಿಸಿತ್ತು. ಅಜ್ಜ ಆದಿತೀರ್ಥಂಕರ ವೃಷಭದೇವ, ತಂದೆ ಭರತ ಚಕ್ರವರ್ತಿ. ಅದಕ್ಕಿಂತ ಹಿರಿದಾದ ವಂಶವೆಲ್ಲಿದೆ? ಆದರೂ ದೀಕ್ಷೆ ವಹಿಸಿದ ಮರೀಚಿಯು ಪರೀಷಹಗಳನ್ನು ತಾಳಲಾರದೆ ಭ್ರಷ್ಟನಾಗಿ ಮಿಥ್ಯಾಮಾರ್ಗವನ್ನು ಬೋಧಿಸಿದನು. ಎಷ್ಟೋ ಭವಗಳ ಅನಂತರ ಅದೇ ಜೀವ ಕಾಡಿನಲ್ಲಿ ಸಿಂಹವಾಯಿತು. ಕೊಂದು ತಿನ್ನುವುದೇ ಅದರ ಕುಲಧರ್ಮ. ಆದರೆ ಚಾರಣಮುನಿಗಳ ಉಪದೇಶ ಕಿವಿಗೆ ಬಿದ್ದಾಗ ಅದರ ಕಣ್ಣು ತುಂಬಿ ಬಂದವು. ಅದು ಮಾಂಸವನ್ನು ತ್ಯಜಿಸಿ, ವ್ರತ ತಾಳಿ, ನಿರಾಹಾರವಾಗಿ ದೇಹ ಬಿಟ್ಟಿತು. ತೀರ್ಥಂಕರರ ಮೊಮ್ಮಗನಿಗೆ ವಂಶ ಆಸರೆಯಾಗಲಿಲ್ಲ. ಸಿಂಹಕ್ಕೆ ವಂಶ ಅಡ್ಡಿಯಾಗಲಿಲ್ಲ.

ಆದ್ದರಿಂದಲೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಎಂಟು ಮದಗಳಲ್ಲಿ ಕುಲಮದವೂ ಜಾತಿಮದವೂ ಸೇರಿವೆ. ಇಲ್ಲಿ ಕುಲವೆಂದರೆ ತಂದೆಯ ಕಡೆಯ ವಂಶ, ಜಾತಿಯೆಂದರೆ ತಾಯಿಯ ಕಡೆಯ ವಂಶ. ಎರಡೂ ಕಡೆಯಿಂದ ಬಂದುದರ ಹೆಮ್ಮೆ ಸಮ್ಯಗ್ದರ್ಶನಕ್ಕೆ ಕಳಂಕ. ಹೆಮ್ಮೆ ಸಲ್ಲದಿದ್ದರೆ ನೆಪವೂ ಸಲ್ಲದು.

ಹಾಗಾದರೆ ಬಂದ ಕೋಪವನ್ನು ಏನು ಮಾಡಬೇಕು? ಕಷಾಯಗಳ ತೀವ್ರತೆಯನ್ನು ನಮ್ಮ ಆಚಾರ್ಯರು ನಾಲ್ಕು ಗೆರೆಗಳಿಂದ ತಿಳಿಸಿದ್ದಾರೆ. ಕಲ್ಲಿನ ಮೇಲಿನ ಗೆರೆಯಂತಹ ಕ್ರೋಧ ಬಹುಕಾಲ ಅಳಿಯದು. ನೆಲದ ಬಿರುಕು ಮಳೆ ಬಂದಾಗ ಮುಚ್ಚುತ್ತದೆ. ಮರಳಿನ ಗೆರೆ ಗಾಳಿಗೆ ಮಾಸುತ್ತದೆ. ನೀರಿನ ಗೆರೆ ಎಳೆಯುತ್ತಿರುವಂತೆಯೇ ಕೂಡಿಕೊಳ್ಳುತ್ತದೆ. ಕರ್ಮದ ಉದಯದಿಂದ ಕೋಪ ತಲೆದೋರಬಹುದು. ಆದರೆ ಅದನ್ನು ಕಲ್ಲಿನಿಂದ ನೆಲಕ್ಕೆ, ನೆಲದಿಂದ ಮರಳಿಗೆ, ಮರಳಿನಿಂದ ನೀರಿಗೆ ಇಳಿಸುವುದು ನಮ್ಮ ಪುರುಷಾರ್ಥ. ಅಜ್ಜನ ಕೋಪವೇ ಬಂದಿದ್ದರೂ ಇಂದಿನ ಜಗಳವನ್ನು ಸಂಜೆಯ ಪ್ರತಿಕ್ರಮಣದಲ್ಲಿ ಮುಗಿಸಲು ಅಜ್ಜನ ಅಪ್ಪಣೆ ಬೇಕಿಲ್ಲ.

ಶ್ರದ್ಧೆಯ ಮಾತೂ ಇದೇ. ಜೈನರ ಮನೆಯಲ್ಲಿ ಹುಟ್ಟಿದ ಮಗು ಮಾಂಸ ತಿನ್ನದು, ರಾತ್ರಿ ಉಣ್ಣದು. ಅದು ಒಳ್ಳೆಯ ಸಂಸ್ಕಾರ. ಆದರೆ ಇನ್ನೂ ವ್ರತವಲ್ಲ. ತಿಳಿದು, ಸಂಕಲ್ಪ ಮಾಡಿ ಬಿಟ್ಟಾಗಲೇ ಅದು ವ್ರತ. ಮಕ್ಕಳು ‘ಏಕೆ?’ ಎಂದು ಕೇಳಿದಾಗ ‘ನಮ್ಮಲ್ಲಿ ಹಾಗೆಯೇ’ ಎಂದು ಸುಮ್ಮನಾಗಿಸಿದರೆ ನಾವು ಅವರಿಗೆ ರೂಢಿಯನ್ನು ಕೊಟ್ಟಂತಾಯಿತೇ ಹೊರತು ಧರ್ಮವನ್ನಲ್ಲ. ಕಾಲ ಬದಲಾದಾಗ, ಊರು ಬಿಟ್ಟು ಹೋದಾಗ ರೂಢಿ ಕಳಚಿಬೀಳುತ್ತದೆ; ಅರಿತು ತಾಳಿದ ವ್ರತ ಜೊತೆಗೆ ಹೋಗುತ್ತದೆ.

ಹಿರಿಯರು ಬಸದಿಯ ಬಾಗಿಲವರೆಗೆ ನಮ್ಮನ್ನು ಕೈಹಿಡಿದು ಕರೆತಂದಿದ್ದಾರೆ. ಅವರಿಗೆ ನಮಸ್ಕಾರ. ಒಳಗೆ ಹೋಗಿ ದರ್ಶನ ಮಾಡಬೇಕಾದವರು ನಾವೇ.