ಗಾಳಿ ಏರದ ಲಾರಿ, ಕಿವಿಗೊಡುವ ಮೇಸ್ತ್ರಿ

ಹೊಸಪೇಟೆ ಬಿಟ್ಟು ಚಿತ್ರದುರ್ಗದ ಕಡೆ ಹೊರಟರೆ ನಡುವೆ ಸಿಗುವ ದೊಡ್ಡ ಊರು ಕೂಡ್ಲಿಗಿ. ಈಗ ಈ ರಸ್ತೆ ರಾಷ್ಟ್ರೀಯ ಹೆದ್ದಾರಿ 50. ಮೊದಲು ಹದಿಮೂರನೇ ನಂಬರಿನ ಹೆದ್ದಾರಿಯಾಗಿ ಸೊಲ್ಲಾಪುರವನ್ನು ಮಂಗಳೂರಿಗೆ ಜೋಡಿಸುತ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವವರೆಗೂ ಅದಿರಿನ ಲಾರಿಗಳ ಸಾಲು ಈ ಭಾಗದ ರಸ್ತೆಗಳಲ್ಲಿ ಮುರಿಯುತ್ತಿರಲಿಲ್ಲ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಕೂಡ ಪೇಟೆ ಸೇರುವುದು ಲಾರಿಯಲ್ಲೇ. ಇಷ್ಟೊಂದು ಭಾರ ಓಡಾಡುವ ಸೀಮೆಯಲ್ಲಿ ಅದನ್ನು ನಿಲ್ಲಿಸುವ ಕೆಲಸವೂ ಒಂದು ಕಸುಬಾಗಿ ಬೆಳೆಯಲೇಬೇಕು. ಏರ್ ಬ್ರೇಕ್ ಮೇಸ್ತ್ರಿಯ ಕಸುಬು ಅದು.

ಭಾರದ ಲಾರಿಯ ಬ್ರೇಕು ಕೆಲಸ ಮಾಡುವುದು ಕಾಲಿನ ಬಲದಿಂದಲ್ಲ, ಗಾಳಿಯಿಂದ. ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡ ಪುಟ್ಟ ಕಂಪ್ರೆಸರ್ ಗಾಳಿಯನ್ನು ಒತ್ತಿ ಟ್ಯಾಂಕುಗಳಿಗೆ ತುಂಬುತ್ತದೆ. ಒತ್ತಡ ಸುಮಾರು ಎಂಟು ಕೆ.ಜಿ. ಮುಟ್ಟಿದಾಗ ಅನ್‌ಲೋಡರ್ ವಾಲ್ವ್ ತೆರೆದು ಕಂಪ್ರೆಸರ್‌ಗೆ ವಿಶ್ರಾಂತಿ ಕೊಡುತ್ತದೆ. ಹಿಂದಿನ ಗಾಲಿಗಳ ಪಾರ್ಕಿಂಗ್ ಬ್ರೇಕಿನದು ಇನ್ನೊಂದು ಲೆಕ್ಕ. ಅಲ್ಲಿ ಬ್ರೇಕು ಹಿಡಿಯುವುದು ಬಲವಾದ ಸ್ಪ್ರಿಂಗು, ಬಿಡಿಸುವುದು ಗಾಳಿ. ಗಾಳಿ ಪೂರ್ತಿ ಖಾಲಿಯಾದರೆ ಲಾರಿ ನಿಂತಲ್ಲೇ ಕಚ್ಚಿಕೊಳ್ಳುತ್ತದೆ. ಗಾಳಿ ಹೋದರೆ ಗಾಡಿ ತಾನಾಗಿ ನಿಲ್ಲಬೇಕು ಎಂಬ ಈ ವಿಚಾರ ಮೊದಲು ಹುಟ್ಟಿದ್ದು ರೈಲಿಗಾಗಿ. 1869ರಲ್ಲಿ ಏರ್ ಬ್ರೇಕಿಗೆ ಪೇಟೆಂಟ್ ಪಡೆದ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ಕೆಲವೇ ವರ್ಷಗಳಲ್ಲಿ ಅದನ್ನು ಹೀಗೆ ತಿದ್ದಿದ. ನಮ್ಮ ದೇಶದ ಲಾರಿಗಳಿಗೆ ಏರ್ ಬ್ರೇಕಿನ ಸಾಮಾನು ಮಾಡಲು 1962ರಲ್ಲಿ ಮದರಾಸಿನಲ್ಲಿ ಸುಂದರಂ ಕ್ಲೇಟನ್ ಶುರುವಾಯಿತು.

ಇಂಥ ಮೇಸ್ತ್ರಿಯೊಬ್ಬನ ಗ್ಯಾರೇಜಿಗೆ ಹರಾಜಿನಲ್ಲಿ ಕೊಂಡ ಹಳೆಯ ಮಿಲಿಟರಿ ಲಾರಿಯೊಂದು ಬಂತೆನ್ನಿ. ಸೈನ್ಯಕ್ಕಾಗಿ ಜಬಲ್ಪುರದಲ್ಲಿ 1959ರಿಂದ ತಯಾರಾದ ಶಕ್ತಿಮಾನ್ ಲಾರಿ 1996ಕ್ಕೆ ನಿಂತುಹೋಯಿತು. ಅದರ ಜಾಗಕ್ಕೆ ಬಂದವುಗಳಲ್ಲಿ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಪೂರ್ತಿ ಏರ್ ಬ್ರೇಕಿನದು. ಸೈನ್ಯದ ಗಾಡಿಯಲ್ಲಿ ಮೀಟರು ಕಡಿಮೆ ಓಡಿರಬಹುದು, ವಯಸ್ಸು ಮಾತ್ರ ಓಡಿರುತ್ತದೆ. ನಿಂತೇ ಇದ್ದ ಕಂಪ್ರೆಸರಿನ ಸಿಲಿಂಡರಿಗೆ ತುಕ್ಕು ಹಿಡಿದಿರುತ್ತದೆ, ರಿಂಗುಗಳು ಅಂಟಿರುತ್ತವೆ, ವಾಲ್ವಿನೊಳಗಿನ ರಬ್ಬರು ಕಲ್ಲಾಗಿರುತ್ತದೆ. ಡ್ರೈವರು ಹೇಳುವುದು ಒಂದೇ ಮಾತು: “ಗಾಳಿ ಏರವಲ್ದು.”

ಇಲ್ಲಿ ಅವಸರದ ಮೆಕ್ಯಾನಿಕ್ಕು ಹೊಸ ಕಂಪ್ರೆಸರ್ ತರಿಸುತ್ತಾನೆ. ಒಳ್ಳೆಯ ಮೇಸ್ತ್ರಿ ಕೂಡಲೇ ಸ್ಪ್ಯಾನರ್ ಮುಟ್ಟುವುದಿಲ್ಲ. ಮೊದಲು ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿಸುತ್ತಾನೆ. ಹೊರಗಿನಿಂದ ಗಾಳಿ ತುಂಬಿಸಿ ಎಂಜಿನ್ ಆಫ್ ಮಾಡಿಸಿ ಗಾಳಿ ಮೀಟರಿನ ಮುಳ್ಳು ನೋಡುತ್ತಾನೆ. ಮುಳ್ಳು ಇಳಿಯುತ್ತಿದ್ದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದರ್ಥ. ಆಗ ಜಾಯಿಂಟುಗಳಿಗೆಲ್ಲ ಸೋಪಿನ ನೊರೆ, ಮತ್ತೆ ಗಾಲಿಗಳ ಬಳಿ ಗಾಳಿಯಿಂದ ಬ್ರೇಕು ಒತ್ತುವ ಡಬ್ಬಿಗಳಾದ ಬೂಸ್ಟರುಗಳ ಹತ್ತಿರ ಕಿವಿ. ಒಬ್ಬರು ಬ್ರೇಕು ಒತ್ತಿ ಹಿಡಿದಾಗ ಮಾತ್ರ ಕೇಳುವ ಸದ್ದು ಬೇರೆ, ಬಿಟ್ಟಾಗ ಕೇಳುವ ಸದ್ದು ಬೇರೆ. ಮೊದಲನೆಯದು ಬೂಸ್ಟರಿನ ಡಯಾಫ್ರಮ್ ಕಡೆ ಬೊಟ್ಟು ಮಾಡಿದರೆ ಎರಡನೆಯದು ಟ್ಯಾಂಕು, ಪೈಪು, ಪಾರ್ಕಿಂಗ್ ಲೈನಿನ ಕಡೆ. ಸ್ಪ್ರಿಂಗ್ ಇರುವ ಹಿಂದಿನ ಬೂಸ್ಟರನ್ನು ಅವನು ಬಿಚ್ಚುವುದಿಲ್ಲ, ಬೇರೆಯವರಿಗೆ ಬಿಚ್ಚಲೂ ಬಿಡುವುದಿಲ್ಲ. ಆ ಸ್ಪ್ರಿಂಗು ಸಿಡಿದರೆ ಜೀವ ತೆಗೆಯುತ್ತದೆ.

ಮುಳ್ಳು ನಿಂತಲ್ಲೇ ನಿಂತಿದ್ದರೆ, ಅಂದರೆ ತುಂಬಿದ ಗಾಳಿ ಉಳಿಯುತ್ತಿದ್ದರೆ, ಆಗ ಅನುಮಾನ ಕಂಪ್ರೆಸರಿನ ಕಡೆ ತಿರುಗುತ್ತದೆ. ಆಗಲೂ ಮೊದಲು ಅನ್‌ಲೋಡರ್ ತೆರೆದೇ ಸಿಕ್ಕಿಕೊಂಡಿದೆಯೇ, ಬೆಲ್ಟಿನ ಗಾಡಿಯಾದರೆ ಬೆಲ್ಟು ಜಾರುತ್ತಿದೆಯೇ ಎಂದು ನೋಡುತ್ತಾನೆ. ಟ್ಯಾಂಕಿನ ಕೆಳಗಿನ ಡ್ರೈನ್ ಎಳೆದಾಗ ನೀರಿನ ಜೊತೆ ಕಪ್ಪು ಎಣ್ಣೆ ಬಂದರೆ ರಿಂಗು ಸವೆದು ಕಂಪ್ರೆಸರ್ ಎಣ್ಣೆ ಎಸೆಯುತ್ತಿದೆ. ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ ಕಂಪ್ರೆಸರ್ ಹೆಡ್ಡಿನ ಪ್ಯಾಕಿಂಗ್ ಹೋಗಿ ಗಾಳಿ ನೀರಿಗೆ ನುಗ್ಗುತ್ತಿರಬಹುದು. ಎಂಜಿನ್ನಿನ ಪ್ಯಾಕಿಂಗ್ ಹೋದರೂ ಗುಳ್ಳೆ ಏಳುತ್ತದೆ. ಎರಡರಲ್ಲಿ ಯಾವುದೆಂದು ತಿಳಿಯದೆ ಎಂಜಿನ್ ಹೆಡ್ಡು ಬಿಚ್ಚಿಸಿಕೊಂಡ ಮಾಲೀಕರ ಹಣ ನೀರಿಗೆ ಹೋದಂತೆ.

ನನ್ನ ಪ್ರಕಾರ ಇಡೀ ಕಸುಬಿನ ಸತ್ವ ಇರುವುದು ಕಂಪ್ರೆಸರಿನಿಂದ ಟ್ಯಾಂಕಿನ ಕಡೆ ಗಾಳಿ ಒಯ್ಯುವ ಡೆಲಿವರಿ ಪೈಪಿನಲ್ಲಿ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಕಂಪ್ರೆಸರಿನಿಂದ ಹೊರಬೀಳುವ ಆ ಬಿಸಿಗೆ ಜೊತೆಯಲ್ಲಿ ಬಂದ ಎಣ್ಣೆ ಸುಟ್ಟು, ಪೈಪಿನ ಒಳಗೋಡೆಗೆ ಇದ್ದಿಲಾಗಿ ಕಟ್ಟುತ್ತದೆ. ದಾರಿ ಕಿರಿದಾದಷ್ಟೂ ಕಂಪ್ರೆಸರ್ ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಎಣ್ಣೆ ಎಸೆಯುತ್ತದೆ, ಪೈಪು ಇನ್ನಷ್ಟು ಕಟ್ಟುತ್ತದೆ. ಎಲ್ಲೋ ಹಿಂದೆ ಒಂದು ಸಣ್ಣ ರಬ್ಬರು ಸೋರುತ್ತಿದ್ದರೂ ಸಾಕು, ಅನ್‌ಲೋಡರ್ ತೆರೆಯುವಷ್ಟು ಒತ್ತಡ ಏರದೆ ಕಂಪ್ರೆಸರಿಗೆ ಬಿಡುವೇ ಸಿಗುವುದಿಲ್ಲ. ಇದಕ್ಕೆ ನಮ್ಮ ಸೀಮೆಯ ಬೇಸಿಗೆ ಸೇರಿಸಿ. ಧೂಳನ್ನೂ ಸೇರಿಸಿ: ಗಣಿಯ ಕಡೆಯ ಕೆಂಪು ಧೂಳು, ಎರೆಹೊಲದ ಕಪ್ಪು ಧೂಳು. ಏರ್ ಕ್ಲೀನರಿನಿಂದ ಬರುವ ರಬ್ಬರ್ ಹೋಸು ಸೀಳಿದ್ದರೆ ಆ ಧೂಳು ನೇರವಾಗಿ ಸಿಲಿಂಡರಿಗೆ ಹೋಗಿ ಉಜ್ಜುವ ಕಾಗದದ ಕೆಲಸ ಮಾಡುತ್ತದೆ. ಹಳೆಯದನ್ನು ಕೊಂದದ್ದು ಯಾವುದೆಂದು ಹುಡುಕದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದಲೇ ಡೆಲಿವರಿ ಪೈಪನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡದ ಮೇಸ್ತ್ರಿಯನ್ನು ನಾನು ಮೇಸ್ತ್ರಿ ಎನ್ನಲಾರೆ.

ಕಂಪ್ರೆಸರ್ ಬದಲಿಸುವ ಕೆಲಸ ಅಷ್ಟೇನೂ ದೊಡ್ಡದಲ್ಲ. ಟ್ಯಾಂಕಿನ ಗಾಳಿ, ರೇಡಿಯೇಟರಿನ ನೀರು ಇಳಿಸಿ ನೀರಿನ, ಎಣ್ಣೆಯ, ಗಾಳಿಯ ಪೈಪುಗಳನ್ನು ಬಿಚ್ಚಿ ಬಾಯಿಗೆ ಬಟ್ಟೆ ಕಟ್ಟಬೇಕು. ಗೇರಿನ ಮೇಲೆ ಕೂತ ಕಂಪ್ರೆಸರಾದರೆ ಒಂದು ಎಚ್ಚರ ಬೇಕು. ಕೆಲವು ಎಂಜಿನ್ನುಗಳಲ್ಲಿ ಡೀಸೆಲ್ ಪಂಪು ತಿರುಗುವುದು ಈ ಕಂಪ್ರೆಸರಿನ ಶಾಫ್ಟಿನಿಂದಲೇ. ಗುರುತು ಹಾಕಿಕೊಳ್ಳದೆ ಎಳೆದರೆ ಟೈಮಿಂಗ್ ತಪ್ಪಿ, ಬ್ರೇಕಿಗೆಂದು ಬಂದ ಗಾಡಿ ಸ್ಟಾರ್ಟೇ ಆಗದೆ ನಿಲ್ಲುತ್ತದೆ. ಪ್ಯಾಕಿಂಗ್ ಕೂರಿಸುವಾಗ ಎಣ್ಣೆಯ ತೂತು ತೂತಿಗೆ ಸರಿಯಾಗಿ ಕೂಡಬೇಕು. ಇಲ್ಲವಾದರೆ ಹೊಸ ಬೇರಿಂಗು ಬೇಗನೆ ಬೆಂದುಹೋಗುತ್ತದೆ. ಬಿಡಿಭಾಗ ಸಿಗುವುದು ಗಾಡಿಯ ಮೇಲೆ ನಿಂತಿದೆ. ಸ್ಟಾಲಿಯನ್ನಿನದಾದರೆ ಲೇಲ್ಯಾಂಡಿನ ಸಾಮಾನು ಮಾರುವ ಹೊಸಪೇಟೆ, ದಾವಣಗೆರೆಗಳಲ್ಲಿ ವಿಚಾರಿಸಬಹುದು. ಶಕ್ತಿಮಾನ್ ಆದರೆ ಗುಜರಿ ಹುಡುಕಬೇಕು, ಇಲ್ಲವೇ ಲೇತಿನವನ ಕಟ್ಟೆ ಹತ್ತಬೇಕು.

ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಓದು ಒಂದು ವರ್ಷದ್ದು. ಏರ್ ಬ್ರೇಕಿನ ಚಿತ್ರ ಅಲ್ಲಿ ಸಿಗುತ್ತದೆ, ಸೋರುವ ಸದ್ದು ಗ್ಯಾರೇಜಿನಲ್ಲೇ ಸಿಗಬೇಕು. ಆ ಕಿವಿ ಇರುವವರಿಗೆ ಕೂಲಿ ಕೊಡುವಾಗ ಮಾಲೀಕರು ಬಿಚ್ಚಿ ಕಟ್ಟಿದ ಗಂಟೆಗಳನ್ನಷ್ಟೇ ಎಣಿಸುತ್ತಾರೆ. ಬಿಚ್ಚದೆ ಉಳಿಸಿದ ಕಂಪ್ರೆಸರಿಗೂ ಕೂಲಿ ಸಲ್ಲಬೇಕು.