ಮನೆಗೂ ಒಂದು ಪರೀಕ್ಷೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕಟ್ಟಿದ ಮನೆಯನ್ನು ಆಗಾಗ ನೋಡುತ್ತಿರು ಎಂದು ಬೋಧಿಸುವ ಗಾದೆಯನ್ನು ಮಾತ್ರ ನಾನು ಕೇಳಿಲ್ಲ. ಮನೆಯೆಂಬುದು ಒಮ್ಮೆ ಕಟ್ಟಿ ಮುಗಿಸಿದ ವಸ್ತುವೆಂದೇ ಬಹುಮಂದಿಯ ಭಾವನೆ. ವಾಸ್ತವವಾಗಿ ಅದು ಮಳೆಗಾಲದಲ್ಲಿ ನೀರು ಹೀರುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ತನ್ನ ಭಾರಕ್ಕೆ ತಾನೇ ಇಷ್ಟಿಷ್ಟಾಗಿ ನೆಲಕ್ಕಿಳಿಯುತ್ತದೆ. ಈ ಬದಲಾವಣೆಗಳನ್ನು ಬಲ್ಲವರಿಂದ ಕ್ರಮವಾಗಿ ನೋಡಿಸುವುದೇ ಗೃಹಪರೀಕ್ಷೆ. ವಿದ್ಯಾರ್ಥಿಮಿತ್ರರೇ, ವರ್ಷಕ್ಕೊಮ್ಮೆ ಪರೀಕ್ಷೆಗೆ ಕುಳಿತುಕೊಳ್ಳುವವರು ನೀವು ಮಾತ್ರವಲ್ಲ!

ನಮ್ಮ ಟಾಲಿಗಂಜಿನಲ್ಲಿ ಇದರ ಅವಶ್ಯಕತೆ ಇನ್ನೂ ಹೆಚ್ಚು. ಬೆಂಗಳೂರಿನ ಕಡೆ ಕೆಂಪು ಮಣ್ಣಿನ ಕೆಳಗೆ ಬಂಡೆಯಿದೆ. ಇಲ್ಲಿ ಹಾಗಲ್ಲ. ಕಲ್ಕತ್ತೆಯು ಗಂಗೆ ತಂದು ಹರಡಿದ ಮೆಕ್ಕಲಿನ ಮೇಲೆ ನಿಂತ ನಗರ. ಅಡಿಯಲ್ಲಿರುವುದು ಮೆತ್ತನೆಯ ಬೂದು ಜೇಡಿಮಣ್ಣು, ಅದರ ನಡುವೆ ಅರೆಕೊಳೆತ ಮರದ ಚೂರುಗಳು. ಈ ಬಡಾವಣೆಗೆ ಹೆಸರು ಬರಲು ಕಾರಣನಾದ ವಿಲಿಯಂ ಟಾಲಿ ಎಂಬ ಸೇನಾಧಿಕಾರಿಯು 18ನೆಯ ಶತಮಾನದಲ್ಲಿ ತೋಡಿಸಿದ ಕಾಲುವೆಯು ಗಂಗೆಯ ಹಳೆಯ ಪಾತ್ರವಾದ ಆದಿಗಂಗೆಯೇ. ಇನ್ನು ಕೊಳ ಮುಚ್ಚಿ ಮಾಡಿದ ನಿವೇಶನಗಳಿಗೂ ಈ ನಗರದಲ್ಲಿ ಕೊರತೆಯಿಲ್ಲ. ಇಂಥ ನೆಲ ಎಲ್ಲೆಡೆ ಒಂದೇ ಸಮನಾಗಿ ತಗ್ಗುವುದಿಲ್ಲ. ಮನೆಯ ಒಂದು ಮೂಲೆ ಹೆಚ್ಚು ಇಳಿದರೆ ಗೋಡೆ ಸೀಳುತ್ತದೆ. ಇಲ್ಲವೇ ಮನೆಯೇ ವಾಲುತ್ತದೆ. ಇಲ್ಲಿಗೆ ದೂರವಲ್ಲದ ಬಾಘಾಜತೀನಿನಲ್ಲಿ ಹೀಗೆ ವಾಲಿದ್ದ ನಾಲ್ಕು ಅಂತಸ್ತಿನ ಮನೆಯೊಂದನ್ನು ಜಾಕ್‌ಗಳಿಂದ ಎತ್ತಿ ನೇರಗೊಳಿಸುವ ಕೆಲಸ ನಡೆದಿದ್ದಾಗಲೇ, 2025ರ ಜನವರಿಯಲ್ಲಿ, ಅದರ ಕೆಳ ಅಂತಸ್ತು ಕುಸಿದು ಇಡೀ ಕಟ್ಟಡ ಒರಗಿತು. ನಿವಾಸಿಗಳು ಮೊದಲೇ ತೆರವಾಗಿದ್ದುದರಿಂದ ಪ್ರಾಣಗಳು ಉಳಿದುವು.

ಪರೀಕ್ಷಕನು ಮೊದಲು ನೋಡುವುದು ಬಿರುಕುಗಳನ್ನು. ಎಲ್ಲ ಬಿರುಕೂ ಅಪಾಯಕರವಲ್ಲ. ಗಾರೆ ಒಣಗುವಾಗ ಮೇಲ್ಮೈಯಲ್ಲಿ ಕೂದಲೆಳೆಯಂತೆ ಹರಡುವ ಗೆರೆಗಳಿಗೆ ಸುಣ್ಣ ಬಳಿದರೆ ಸಾಕು. ಕಿಟಕಿಯ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಓರೆಯಾಗಿ ಸಾಗುವ ಬಿರುಕು ಮಾತ್ರ ತಳಪಾಯದ ಮೇಲೆ ಸಂಶಯ ಹುಟ್ಟಿಸುತ್ತದೆ. ಅದು ಬೆಳೆಯುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಬಹು ಸರಳವಾದ ಉಪಾಯವುಂಟು. ಬಿರುಕಿಗೆ ಅಡ್ಡವಾಗಿ ಗಾಜಿನ ತೆಳುಪಟ್ಟಿಯೊಂದನ್ನು ಎರಡೂ ತುದಿಗಳಲ್ಲಿ ಗಾರೆಯಿಂದ ಅಂಟಿಸಿ, ದಿನಾಂಕ ಬರೆದಿಡುತ್ತಾರೆ. ಗೋಡೆ ಚಲಿಸಿದರೆ ಗಾಜು ಒಡೆಯುತ್ತದೆ. ಚಾವಣಿಯ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಸುಣ್ಣ ಮತ್ತು ಸುರ್ಕಿಯಿಂದ, ಎಂದರೆ ಇಟ್ಟಿಗೆಯ ಪುಡಿಯಿಂದ, ಕಟ್ಟಿದ ಹಳೆಯ ಮನೆಗಳಿಗೆ ಬೇರೊಂದು ಶತ್ರು: ಹಕ್ಕಿಗಳು ತಂದ ಬೀಜದಿಂದ ಗೋಡೆಯ ಸಂದಿನಲ್ಲಿ ಮೊಳೆಯುವ ಅರಳಿಯ ಗಿಡ. ಸುರ್ಕಿಯ ಗಾರೆ ದುರ್ಬಲವೆಂದು ತಿಳಿಯಬೇಡಿ. ನಮ್ಮ ಕನ್ನಂಬಾಡಿ ಕಟ್ಟೆಯೇ ಅದರಿಂದ ಕಟ್ಟಿದ್ದು. ಆದರೆ ಬೇರಿನ ಬೆಣೆಗೆ ಯಾವ ಗಾರೆಯೂ ಬಹುಕಾಲ ತಾಳದು.

ಇದು ನಿಂತ ಮನೆಯ ಮಾತಾಯಿತು. ಕಟ್ಟುವಾಗಿನ ಪರೀಕ್ಷೆಗೆ ಗೊತ್ತಾದ ಸಮಯವಿದೆ: ತಳಪಾಯದ ಗುಂಡಿಯನ್ನು ತುಂಬುವ ಮೊದಲು, ಕಾಂಕ್ರೀಟು ಸುರಿದು ಕಂಬಿಗಳನ್ನು ಮುಚ್ಚುವ ಮೊದಲು. ಮುಚ್ಚಿದ ಮೇಲೆ ಕಂಬಿ ಎಷ್ಟಿದೆಯೆಂದು ಮೇಸ್ತ್ರಿಯೊಬ್ಬನೇ ಬಲ್ಲ. 2019ರ ಮಾರ್ಚಿಯಲ್ಲಿ ಧಾರವಾಡದಲ್ಲಿ, 2024ರ ಮಾರ್ಚಿಯಲ್ಲಿ ಇಲ್ಲಿನ ಗಾರ್ಡನ್‌ರೀಚಿನಲ್ಲಿ, ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕುಸಿದು ಜನರನ್ನು ಕೊಂದವು ಮೂರೂ ಇನ್ನೂ ಕಟ್ಟುತ್ತಿದ್ದ ಕಟ್ಟಡಗಳೇ. ಕೊಳ್ಳುವ ಮೊದಲಿನ ಪರೀಕ್ಷೆಯ ಲಾಭವಂತೂ ಸ್ಪಷ್ಟ. ಹೊಸ ಬಣ್ಣದ ಹಿಂದೆ ತೇವವಿದೆಯೇ, ಮರದ ತೊಲೆಗೆ ಗೆದ್ದಲು ಹತ್ತಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಅರಿಯಬೇಕು. ವಿದ್ಯುತ್ತಿನ ತಂತಿ ಮತ್ತು ಅರ್ಥಿಂಗನ್ನು ಪರವಾನಗಿಯುಳ್ಳ ಎಲೆಕ್ಟ್ರೀಷಿಯನನೇ ನೋಡತಕ್ಕದ್ದು. ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಹುಡುಕುತ್ತ ಬರುವ ಕಾರ್ಪೊರೇಷನ್ನಿನ ಕೆಲಸಗಾರರು ಮಾಡುವುದೂ ಒಂದು ಗೃಹಪರೀಕ್ಷೆಯೇ. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸುವುದು ಉಚಿತವಲ್ಲ.

ಮನೆಗೆ ಅಪಾಯ ಹೊರಗಿನಿಂದ ಬರುವುದೂ ಉಂಟು. 2019ರ ಆಗಸ್ಟ್ 31ರಂದು ಬೌಬಜಾರಿನ ಕೆಳಗೆ ಮೆಟ್ರೋ ಸುರಂಗ ಕೊರೆಯುತ್ತಿದ್ದ ಯಂತ್ರಕ್ಕೆ ಅಂತರ್ಜಲದ ಪದರ ತಗುಲಿತು. ನೀರೂ ಹೂಳೂ ಸುರಂಗಕ್ಕೆ ನುಗ್ಗಿದುವು, ಮೇಲಿನ ನೆಲ ಕುಗ್ಗಿತು. ಓಣಿಗಳ ಮನೆಗಳು ಬಿರಿದುವು, ಕೆಲವು ಕುಸಿದುವು. ನೂರಾರು ಜನರು ಮನೆ ಬಿಟ್ಟು ಹೊರಬರಬೇಕಾಯಿತು. 2022ರಲ್ಲಿ ಮತ್ತೆ ಬಿರುಕುಗಳು ಕಂಡುವು. ನೆರೆಯಲ್ಲಿ ಆಳವಾಗಿ ಅಗೆಯುವ ಮೊದಲು ಸುತ್ತಲಿನ ಮನೆಗಳ ಸ್ಥಿತಿಯನ್ನು ಚಿತ್ರಸಹಿತ ದಾಖಲಿಸುವ ಪರೀಕ್ಷೆಯ ಬೆಲೆ ಇಂಥಲ್ಲಿ ತಿಳಿಯುತ್ತದೆ. ಯಾವ ಬಿರುಕು ಹಳೆಯದು, ಯಾವುದು ಹೊಸದು ಎಂಬ ವಾದಕ್ಕೆ ಆ ದಾಖಲೆಯೇ ಉತ್ತರ.

ಇಷ್ಟಾದರೂ ಜನರು ಪರೀಕ್ಷೆಗೆ ಅಂಜುವುದೇಕೆ? ಕಾರಣವಿಲ್ಲದೆ ಇಲ್ಲ. ಈ ನಗರದ ಹಳೆಯ ಮನೆಗಳ ಮೇಲೆ ಕಾರ್ಪೊರೇಷನ್ನಿನವರು ತೂಗುಹಾಕಿದ “ಬಿಪಜ್ಜನಕ್ ಬಾಡಿ” ಎಂಬ ಹಲಗೆಯನ್ನು ನೀವು ನೋಡಿರಬಹುದು. ವಿಪತ್ತು ತರುವ ಮನೆ ಎಂದರ್ಥ. 1980ರ ಕಾರ್ಪೊರೇಷನ್ ಕಾಯಿದೆಯ 411ನೆಯ ಪ್ರಕರಣದ ಮೇರೆಗೆ ಅಂಥ ಮನೆಯನ್ನು ದುರಸ್ತಿ ಮಾಡುವಂತೆ ಅಥವಾ ಕೆಡವುವಂತೆ ಆಜ್ಞೆ ಮಾಡಬಹುದು. ಅಲ್ಪ ಬಾಡಿಗೆ ಬರುವ ಮನೆಗೆ ಹಣ ಹಾಕಲು ಮಾಲೀಕನಿಗೆ ಮನಸ್ಸಿಲ್ಲ. ಮನೆ ಅಪಾಯಕರವೆಂದು ಬರೆಸಿಕೊಂಡರೆ ಬೀದಿಪಾಲಾಗುವೆನೆಂದು ಬಾಡಿಗೆದಾರನಿಗೆ ಭಯ. ಇಬ್ಬರೂ ಸುಮ್ಮನಿರುತ್ತಾರೆ, ಬಿರುಕು ಮಾತ್ರ ಸುಮ್ಮನಿರುವುದಿಲ್ಲ. ಊರು ಬಿಟ್ಟು ಬಂದು ಬಾಡಿಗೆಯ ಮನೆಯಲ್ಲಿರುವ ನಮ್ಮಂಥವರಿಗೆ ಈ ಭಯ ಹೊಸದಲ್ಲ. ಆದರೂ ನನ್ನ ಅಭಿಪ್ರಾಯದಲ್ಲಿ, ಪರೀಕ್ಷೆಯನ್ನು ಹಲಗೆ ಬೀಳುವವರೆಗೆ ತಡೆಯದೆ, ಬಿರುಕು ಸಣ್ಣದಿರುವಾಗಲೇ ಮಾಡಿಸುವುದು ಬಾಡಿಗೆದಾರನಿಗೇ ಹೆಚ್ಚು ಹಿತ. ಆಗ ಇಂಜಿನಿಯರು ಬರೆಯುವುದು ದುರಸ್ತಿಯ ಮಾತನ್ನು, ಕೆಡವುವ ಮಾತನ್ನಲ್ಲ. ಅಳತೆ, ದಿನಾಂಕ, ಸಹಿ ಇರುವ ಅಂಥ ವರದಿಯೊಂದು ಕೈಯಲ್ಲಿದ್ದರೆ ಮಾಲೀಕನ ಮುಂದೆ ಬರಿಯ ಬಾಯಿಮಾತಿನಿಂದ ಬೇಡುವ ಸ್ಥಿತಿಯೂ ತಪ್ಪುತ್ತದೆ.