ರಸ್ತೆಗುಂಡಿಯೂ ನಷ್ಟಪರಿಹಾರವೂ

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಕಾರೊಂದರ ಚಕ್ರ ಗುಂಡಿಯಲ್ಲಿಳಿದು ಸೊಟ್ಟಗಾಯಿತೆನ್ನಿ. ದೋಷ ಯಾರದು?

ಈ ಸೀಮೆಯ ಕರಿಮಣ್ಣು ನೀರುಂಡು ಉಬ್ಬುವುದು, ಬಿಸಿಲಿಗೆ ಬಿರಿಯುವುದು. ಮೇಲಿನ ಡಾಂಬರು ಸೀಳಲು ಮಳೆನೀರು ಒಳಗಿಳಿದು ಜಲ್ಲಿ ಸಡಿಲಗೊಳ್ಳುವುದು. ಗುಂಡಿ ಹುಟ್ಟುವುದು ಹೀಗೆ. ಗಂಟೆಗೆ 36 ಕಿಲೋಮೀಟರು ವೇಗದ ಕಾರು 60 ಸೆಂಟಿಮೀಟರು ಉದ್ದದ ಗುಂಡಿಯನ್ನು 0.06 ಸೆಕೆಂಡಿನಲ್ಲಿ ದಾಟುವುದು. ಅಷ್ಟರಲ್ಲಿ ಸ್ಪ್ರಿಂಗು ಚಕ್ರವನ್ನು ಕೆಳಕ್ಕೊತ್ತಿರುತ್ತದೆ. ಎದುರಿನ ಅಂಚು ಅದಕ್ಕೆ ಬಡಿಯುತ್ತದೆ. ರಿಮ್ಮು ಕೆಡುವುದು ಇಳಿಯುವಾಗಲ್ಲ, ಏರುವಾಗ! ವೇಗ ಇಮ್ಮಡಿಸಿದರೆ ಚಲನಶಕ್ತಿ ನಾಲ್ಮಡಿಸುವುದರಿಂದ ಚಾಲಕನ ವೇಗವನ್ನೂ ವಿಚಾರಿಸುವುದು ನ್ಯಾಯವೇ.

ಗುಂಡಿಗಳಿಂದ ನೊಂದವರು ಪರಿಹಾರ ಕೇಳಬಹುದೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2019ರಲ್ಲಿ ಬೆಂಗಳೂರು ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ಆದರೆ ನಗರದ ಬೀದಿ ಪಾಲಿಕೆಯದು; ಕಮಲಾಪುರದ ದಾರಿ ರಾಷ್ಟ್ರೀಯ ಹೆದ್ದಾರಿ 50. ಅರ್ಜಿ ಆಯಾ ಒಡೆಯರಿಗೇ ಸಲ್ಲಬೇಕು. ಗುಂಡಿಯಲ್ಲಿ ಅಳತೆಕೋಲು ನಿಲ್ಲಿಸಿ ಅಂದೇ ಛಾಯಾಚಿತ್ರ ತೆಗೆಯಿರಿ. ದುರಸ್ತಿಯಾದ ಮೇಲೆ ಸಾಕ್ಷ್ಯ ಉಳಿಯದು.